ಟಾರ್ಗೆಟಿಂಗ್: ಕಾಲೇಜು ಫುಟ್ಬಾಲ್‌ನಲ್ಲಿ ತಲೆಗೆ ಬೀಳುವ ಹೊಡೆತ, ಅದರ ಶಿಕ್ಷೆ ಮತ್ತು ಆಟಗಾರರ ಸುರಕ್ಷತೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಅಮೆರಿಕದ ಯೂನಿವರ್ಸಿಟಿ ಊರುಗಳಲ್ಲಿರುವ ಕನ್ನಡಿಗರಿಗೆ ಸೆಪ್ಟೆಂಬರ್ ಬಂತೆಂದರೆ ಶನಿವಾರದ ಅಮೆರಿಕನ್ ಫುಟ್ಬಾಲ್‌ನಿಂದ ತಪ್ಪಿಸಿಕೊಳ್ಳುವುದು ಕಷ್ಟ. ಓದಲು ಹೋದ ಮಕ್ಕಳು ಸ್ಟೇಡಿಯಂನಲ್ಲಿ, ಅವರನ್ನು ನೋಡಲು ಹೋದ ಅಪ್ಪ ಅಮ್ಮ ಟಿವಿ ಮುಂದೆ. ಆಟ ಅರ್ಧಂಬರ್ಧ ಅರ್ಥವಾಗುವ ಹೊತ್ತಿಗೆ ತಪ್ಪಾಯಿತು ಎಂದು ರೆಫ್ರಿ ಎಸೆದ ಹಳದಿ ಬಟ್ಟೆ ಬೀಳುತ್ತದೆ. ಆಟ ನಿಲ್ಲುತ್ತದೆ. ಒಬ್ಬ ಹುಡುಗ ಪಂದ್ಯದಿಂದಲೇ ಹೊರಗೆ ಹೋಗುತ್ತಾನೆ. ಏನಾಯ್ತು, ಯಾಕಾಯ್ತು ಅಂತ ಕೇಳುವವರಿಗಾಗಿ ಈ ಪುಟ. ಇಲ್ಲಿರುವುದು ಎನ್‌ಸಿಎಎ (ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘ) ನಡೆಸುವ ಕಾಲೇಜು ಆಟದ ನಿಯಮಗಳು. ವೃತ್ತಿಪರ ಎನ್‌ಎಫ್‌ಎಲ್ ಬೇರೆ, ಅದರ ಮಾತು ಕೆಳಗೆ ಬರುತ್ತದೆ.

ಟಾರ್ಗೆಟಿಂಗ್ ಅಂದರೆ ಏನು?

ಎದುರಾಳಿಯ ಮೇಲೆ ಗುರಿಯಿಟ್ಟು, ಟ್ಯಾಕಲ್ ಮಾಡಲು (ಹಿಡಿದು ಕೆಡವಲು) ಬೇಕಾದ್ದಕ್ಕಿಂತ ಹೆಚ್ಚಾಗಿ, ಅಪಾಯವಾಗುವ ರೀತಿಯಲ್ಲಿ ಜೋರಾಗಿ ಹೊಡೆಯುವುದು. ಇದರಲ್ಲಿ ಎರಡು ಬಗೆ ಇವೆ. ಜನ ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ.

ಮೊದಲನೆಯದು, ಹೆಲ್ಮೆಟ್‌ನ ನೆತ್ತಿಯಿಂದ ಹೊಡೆಯುವುದು. ನೆತ್ತಿ ಅಂದರೆ ಹೆಲ್ಮೆಟ್‌ನ ತುತ್ತತುದಿಯಿಂದ ಸುತ್ತ ಎಲ್ಲ ಕಡೆಗೂ 6 ಇಂಚಿನ ವೃತ್ತ. ಈ ಭಾಗದಿಂದ ಎದುರಾಳಿಯ ಎದೆಗೇ ಹೊಡೆಯಲಿ, ಹೊಟ್ಟೆಗೇ ಹೊಡೆಯಲಿ, ತೊಡೆಗೇ ಹೊಡೆಯಲಿ, ತಪ್ಪು ತಪ್ಪೇ. ಏಟು ತಿಂದವನು ಯಾರು, ಎಲ್ಲಿಗೆ ಬಿತ್ತು ಎಂಬುದು ಮುಖ್ಯವಲ್ಲ. ಚೆಂಡು ಹಿಡಿದು ಓಡುವವನು ನೆತ್ತಿ ಮುಂದೆ ಮಾಡಿ ನುಗ್ಗಿದರೂ ಈ ನಿಯಮ ಅವನಿಗೂ ಅನ್ವಯಿಸುತ್ತದೆ.

ಎರಡನೆಯದು, ತನ್ನನ್ನು ಕಾಪಾಡಿಕೊಳ್ಳಲು ಆಗದ ಸ್ಥಿತಿಯಲ್ಲಿ ಇರುವವನ ತಲೆಗೆ ಅಥವಾ ಕತ್ತಿಗೆ ಹೊಡೆಯುವುದು. ಇಲ್ಲಿ ಹೆಲ್ಮೆಟ್ ಒಂದೇ ಅಲ್ಲ. ಭುಜ, ಮೊಣಕೈ, ಮುಂಗೈ, ಮುಷ್ಟಿ ಯಾವುದರಿಂದ ಹೊಡೆದರೂ ಟಾರ್ಗೆಟಿಂಗ್ ಆಗುತ್ತದೆ.

ಹಾಗಾದರೆ ಎರಡು ಹೆಲ್ಮೆಟ್ ತಾಗಿದರೆಲ್ಲ ಪೆನಾಲ್ಟಿನಾ?

ಅಲ್ಲ. ಈ ಆಟದಲ್ಲಿ ಪ್ರತಿ ಪ್ಲೇನಲ್ಲೂ ಹೆಲ್ಮೆಟ್‌ಗಳು ತಾಗುತ್ತಲೇ ಇರುತ್ತವೆ. ರೆಫ್ರಿಗಳು ನೋಡುವುದು ಕೆಲವು ಸುಳಿವುಗಳನ್ನು. ನೆಲ ಬಿಟ್ಟು ಹಾರಿ ತಲೆಯತ್ತ ನುಗ್ಗಿದನೇ? ಕುಕ್ಕರಿಸಿ ಕೂತವನಂತೆ ಬಗ್ಗಿ, ಮೇಲಕ್ಕೆ ಚಿಮ್ಮಿ ಹೊಡೆದನೇ? ಹೊಡೆಯುವ ಮುಂಚೆ ತಲೆ ತಗ್ಗಿಸಿದನೇ? ಭುಜವನ್ನೋ ಮೊಣಕೈಯನ್ನೋ ತಲೆಗೇ ತಂದನೇ? ಇವುಗಳಲ್ಲಿ ಒಂದಾದರೂ ಇರಬೇಕು. ತಲೆ ಎತ್ತಿ, ತೋಳು ಚಾಚಿ ತಬ್ಬಿ ಕೆಡವಲು ಹೋದಾಗ ಹೆಲ್ಮೆಟ್ ಉಜ್ಜಿದರೆ ಅದು ಟಾರ್ಗೆಟಿಂಗ್ ಅಲ್ಲ.

‘ಕಾಪಾಡಿಕೊಳ್ಳಲು ಆಗದವನು’ ಅಂತ ಯಾರನ್ನು ಕರೆಯುತ್ತಾರೆ?

ಆಗಷ್ಟೇ ಪಾಸ್ ಎಸೆದ ಕ್ವಾರ್ಟರ್‌ಬ್ಯಾಕ್. ಚೆಂಡು ಹಿಡಿಯಲು ಮೇಲೆ ನೋಡುತ್ತಿರುವ ರಿಸೀವರ್, ಅಥವಾ ಹಿಡಿದು ಇನ್ನೂ ಓಟ ಶುರು ಮಾಡದವನು. ಕಿಕ್ ಮಾಡಿದವನು, ಕಿಕ್ ಹಿಡಿಯಲು ಕಾದವನು. ನೆಲದ ಮೇಲೆ ಬಿದ್ದವನು. ಇನ್ನೊಬ್ಬನ ಹಿಡಿತಕ್ಕೆ ಸಿಕ್ಕಿ ಮುಂದೆ ಹೋಗಲಾಗದೆ ನಿಂತವನು. ಕಾಲು ಮುಂದೆ ಮಾಡಿ ಜಾರಿ ‘ನನ್ನ ಆಟ ಮುಗೀತು’ ಎಂದು ತೋರಿಸಿದವನು. ಕಣ್ಣಿಗೆ ಕಾಣದ ಕಡೆಯಿಂದ ಬ್ಲಾಕ್ (ಅಡ್ಡ ಬಂದು ತಳ್ಳುವುದು) ತಿನ್ನುವವನು. ಅಂದರೆ ಏಟು ಬರುತ್ತಿದೆ ಎಂದು ಮೈ ಬಿಗಿಹಿಡಿಯಲು ಸಮಯವೇ ಇಲ್ಲದವರು.

ಶಿಕ್ಷೆ ಏನು?

15 ಯಾರ್ಡ್ ದಂಡ (ಚೆಂಡು ಅಷ್ಟು ದೂರ ತಪ್ಪು ಮಾಡಿದ ತಂಡಕ್ಕೆ ನಷ್ಟವಾಗುವ ಕಡೆ ಸರಿಯುತ್ತದೆ), ತಪ್ಪು ಡಿಫೆನ್ಸ್ (ತಡೆಯುವ ತಂಡ) ಕಡೆಯದಾದರೆ ಜೊತೆಗೆ ಎದುರಾಳಿಗೆ ಫಸ್ಟ್ ಡೌನ್ (ಮುಂದೆ ಸಾಗಲು ಹೊಸದಾಗಿ ನಾಲ್ಕು ಅವಕಾಶ), ಮತ್ತು ಆಟಗಾರನಿಗೆ ಪಂದ್ಯದಿಂದ ಹೊರನಡೆ. 2008ರಲ್ಲಿ ಟಾರ್ಗೆಟಿಂಗ್ ನಿಯಮ ಬಂದಾಗ ಯಾರ್ಡ್ ಮಾತ್ರ ಇತ್ತು. 15 ಯಾರ್ಡ್‌ಗೆ ಯಾರೂ ಹೆದರಲಿಲ್ಲ. 2013ರಲ್ಲಿ ಹೊರಹಾಕುವುದನ್ನು ಸೇರಿಸಿದರು. ಮೊದಲ ಅರ್ಧದಲ್ಲಿ ತಪ್ಪು ಮಾಡಿದರೆ ಆ ಪಂದ್ಯದ ಉಳಿದ ಆಟ ಇಲ್ಲ. ಎರಡನೇ ಅರ್ಧದಲ್ಲಿ ಮಾಡಿದರೆ ಮುಂದಿನ ಪಂದ್ಯದ ಮೊದಲ ಅರ್ಧವೂ ಇಲ್ಲ ಎಂಬ ಕ್ರಮವೂ ಆಗಲೇ ಬಂತು. 2019ರಲ್ಲಿ ಇನ್ನೊಂದು ಸೇರಿತು: ಒಂದೇ ಸೀಸನ್‌ನಲ್ಲಿ ಮೂರು ಸಲ ಸಿಕ್ಕಿಬಿದ್ದರೆ ಮುಂದಿನ ಇಡೀ ಪಂದ್ಯಕ್ಕೆ ನಿಷೇಧ.

ಮೊದಮೊದಲು ಹೊರಹೋದ ಹುಡುಗ ಎಲ್ಲರೆದುರು ಡ್ರೆಸ್ಸಿಂಗ್ ರೂಮಿಗೆ ನಡೆದುಹೋಗಬೇಕಿತ್ತು. 19 ವರ್ಷದ ಹುಡುಗನನ್ನು ಸಾವಿರಾರು ಜನ ಕೂಗುತ್ತಿರುವಾಗ ಹಾಗೆ ಕಳಿಸುವುದು ಬೇಡ ಅಂತ 2020ರಿಂದ ತಂಡದ ಜೊತೆಯೇ ನಿಲ್ಲಲು ಬಿಟ್ಟರು. ನನಗೆ ಇದು ತುಂಬ ಸರಿ ಅನಿಸಿತು. ಶಿಕ್ಷೆ ಇರಲಿ, ಅವಮಾನ ಬೇಡ.

ಮುಂದಿನ ಪಂದ್ಯಕ್ಕೂ ಶಿಕ್ಷೆ ಸಾಗುವ ಭಾಗದ ಮೇಲೆ ವಾದ ಜಾಸ್ತಿ. ನಿಯಮ ಸಮಿತಿ ಆಗಾಗ ಇದನ್ನು ಕೈಗೆತ್ತಿಕೊಳ್ಳುತ್ತದೆ. ಹಾಗಾಗಿ ಸೀಸನ್ ಶುರುವಾಗುವಾಗ ಆ ವರ್ಷದ ನಿಯಮ ಒಮ್ಮೆ ನೋಡಿಕೊಳ್ಳಿ.

ಕೊನೆಯ ತೀರ್ಮಾನ ಯಾರದು?

ಮೈದಾನದ ರೆಫ್ರಿ ಬಟ್ಟೆ ಎಸೆಯುತ್ತಾರೆ. ಸಂಶಯ ಬಂದರೆ ಪೆನಾಲ್ಟಿ ಕೊಡಿ ಅಂತಲೇ ನಿಯಮ ಅವರಿಗೆ ಹೇಳುತ್ತದೆ. ಆಮೇಲೆ ರಿಪ್ಲೇ ನೋಡುವ ಅಧಿಕಾರಿ ವಿಡಿಯೋ ನೋಡುತ್ತಾರೆ. ಮೈದಾನದಲ್ಲಿ ಯಾರೂ ಗಮನಿಸದ ಘೋರ ಹೊಡೆತವನ್ನು ಅವರೇ ಹಿಡಿಯಬಹುದು.

2018ರ ತನಕ ವಿಡಿಯೋದಲ್ಲಿ ಖಚಿತವಾಗದಿದ್ದರೆ ಮೈದಾನದ ತೀರ್ಪೇ ನಿಲ್ಲುತ್ತಿತ್ತು. 2019ರಿಂದ ಆ ನಡುದಾರಿ ಇಲ್ಲ. ಪ್ರತಿಯೊಂದು ಅಂಶವೂ ವಿಡಿಯೋದಲ್ಲಿ ದೃಢವಾಗಬೇಕು, ಇಲ್ಲವಾದರೆ ತೀರ್ಪು ರದ್ದು. ರದ್ದಾದರೆ 15 ಯಾರ್ಡ್ ಕೂಡ ವಾಪಸ್. 2013ರಲ್ಲಿ ಹೀಗಿರಲಿಲ್ಲ. ಹುಡುಗ ತಪ್ಪು ಮಾಡಿಲ್ಲ ಅಂತ ವಿಡಿಯೋ ತೋರಿಸಿದರೂ ಯಾರ್ಡ್ ಮಾತ್ರ ಹೋದದ್ದು ಹೋದ ಹಾಗೆಯೇ. ಈ ಅನ್ಯಾಯವನ್ನು ಮರುವರ್ಷವೇ ಸರಿಮಾಡಿದರು. ಅದೇ ಹೊಡೆತದಲ್ಲಿ ಬೇರೆ ತಪ್ಪು ಇದ್ದರೆ, ಉದಾಹರಣೆಗೆ ಪಾಸ್ ಎಸೆದ ಮೇಲೆ ತಡವಾಗಿ ಬಂದು ಕೆಡವಿದ್ದರೆ, ಅದರ ಪೆನಾಲ್ಟಿ ಉಳಿಯುತ್ತದೆ.

2022ರಿಂದ ಮೇಲ್ಮನವಿಗೂ ದಾರಿ ಇದೆ. ಎರಡನೇ ಅರ್ಧದಲ್ಲಿ ಹೊರಹೋದವನ ಪರವಾಗಿ ಅವನ ಕಾನ್ಫರೆನ್ಸ್ (ಅವನ ಕಾಲೇಜು ಸೇರಿರುವ ತಂಡಗಳ ಕೂಟ) ಕೇಳಿಕೊಂಡರೆ, ರೆಫ್ರಿಗಳ ರಾಷ್ಟ್ರೀಯ ಮುಖ್ಯಸ್ಥರು ಮತ್ತೆ ವಿಡಿಯೋ ನೋಡುತ್ತಾರೆ. ತೀರ್ಪು ಸ್ಪಷ್ಟವಾಗಿ ತಪ್ಪಾಗಿದ್ದರೆ ಮುಂದಿನ ಪಂದ್ಯವನ್ನು ಅವನು ಮೊದಲಿನಿಂದಲೇ ಆಡಬಹುದು.

ಬೇಕಂತ ಮಾಡದಿದ್ದರೂ ಹೊರಹಾಕುತ್ತಾರಲ್ಲ, ಇದು ನ್ಯಾಯವಾ?

ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಪಾಪ, ಎಷ್ಟೋ ಹುಡುಗರಿಗೆ ಯಾರಿಗೂ ನೋವು ಮಾಡುವ ಮನಸ್ಸಿರುವುದಿಲ್ಲ. ರಿಸೀವರ್ ಕೊನೆಯ ಕ್ಷಣದಲ್ಲಿ ಬಗ್ಗುತ್ತಾನೆ, ಎದೆಗೆ ಹೋಗಬೇಕಾದ ಭುಜ ಗದ್ದಕ್ಕೆ ಹೋಗುತ್ತದೆ. ಈ ನಿಯಮ ಮನಸ್ಸನ್ನು ಅಳೆಯುವುದಿಲ್ಲ, ಕ್ರಿಯೆಯನ್ನು ನೋಡುತ್ತದೆ.

ಕೋಚ್‌ಗಳಲ್ಲಿ ಕೆಲವರು ಇದನ್ನು ಎರಡು ದರ್ಜೆ ಮಾಡಿ ಅಂತಾರೆ: ಆಕಸ್ಮಿಕಕ್ಕೆ ಯಾರ್ಡ್ ಮಾತ್ರ, ಘೋರವಾದರೆ ಹೊರಗೆ. ಕೇಳಲು ಚೆನ್ನಾಗಿದೆ. ಆದರೆ ನನಗೆ ಒಪ್ಪಿಗೆ ಇಲ್ಲ. ಯಾರ ಮನಸ್ಸಲ್ಲಿ ಏನಿತ್ತು ಅಂತ ವಿಡಿಯೋ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೊರಹೋಗುವ ಭಯ ಇದ್ದಾಗಲೇ ಕೋಚ್‌ಗಳು ಟ್ಯಾಕಲ್ ಮಾಡುವ ರೀತಿಯನ್ನೇ ಬೇರೆ ಕಲಿಸುತ್ತಾರೆ. ನಿಯಮದ ನಿಜವಾದ ಕೆಲಸ ನಡೆಯುವುದು ಶನಿವಾರ ಅಲ್ಲ, ಮಂಗಳವಾರದ ಪ್ರಾಕ್ಟೀಸ್‌ನಲ್ಲಿ.

ತಲೆಗೆ ಹೆಲ್ಮೆಟ್ ಇದೆಯಲ್ಲ, ಮತ್ತೆ ಇಷ್ಟು ಭಯ ಯಾಕೆ?

ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಪಾಡುತ್ತದೆ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ಬುರುಡೆಯೊಳಗೆ ಮಿದುಳು ದ್ರವದಲ್ಲಿ ತೇಲುತ್ತಿರುತ್ತದೆ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದಾಗ ಬಸ್ಸಿಗೆ ಏನೂ ಆಗುವುದಿಲ್ಲ, ಒಳಗೆ ನಿಂತವರು ಮುಗ್ಗರಿಸುತ್ತಾರೆ. ಏಟು ಬಿದ್ದಾಗ ಮಿದುಳಿನ ಪಾಡೂ ಅದೇ. ತಲೆ ಗಿರ್ರನೆ ತಿರುಗಿದರೆ ಇನ್ನೂ ಕೆಟ್ಟದ್ದು, ಮಿದುಳಿನ ನರತಂತುಗಳು ಎಳೆದಾಡಿದಂತಾಗುತ್ತವೆ. ಕನ್ಕಷನ್, ಅಂದರೆ ಏಟಿನ ಅಲುಗಾಟದಿಂದ ಮಿದುಳಿಗೆ ಆಗುವ ಪೆಟ್ಟು, ಆಗುವುದು ಹೀಗೆ. ಹೊರಗಿನ ಚಿಪ್ಪು ಎಷ್ಟೇ ಗಟ್ಟಿ ಇದ್ದರೂ, ಮೇಲೆ ಮೆತ್ತನೆಯ ಕವಚ ಹಾಕಿದರೂ, ಒಳಗಿನ ಅಲುಗಾಟವನ್ನು ಪೂರ್ತಿ ತಡೆಯಲು ಆಗದು.

ಮೈದಾನದಲ್ಲಿ ಹೆಲ್ಮೆಟ್‌ನಿಂದ ಆದ ಕೆಡುಕೂ ಇದೆ. 1939ರಲ್ಲಿ ಕಾಲೇಜು ಆಟದಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. ಆಗಿನವು ಬಹುಪಾಲು ತೊಗಲಿನವು. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಬಂತು, ಮುಖಕ್ಕೆ ಜಾಲರಿ ಬಂತು. ಮುಖಕ್ಕೆ ಏಟು ಬೀಳದು ಎಂಬ ಧೈರ್ಯ ಬಂದದ್ದೇ ತಡ, ತಲೆಯನ್ನೇ ಮುಂದೆ ಮಾಡಿ ನುಗ್ಗುವುದನ್ನು ಹುಡುಗರು ಕಲಿತರು. ಕೋಚ್‌ಗಳೇ ಕಲಿಸಿದರು ಕೂಡ. ರಕ್ಷಣೆಗೆ ತೊಟ್ಟದ್ದು ಆಯುಧವಾಯಿತು. 1968ರಲ್ಲಿ ಎಲ್ಲ ಹಂತಗಳೂ ಸೇರಿ, ಆಟದ ಏಟಿನಿಂದಲೇ ಸತ್ತವರು 36 ಮಂದಿ.

ಹೊಡೆಯುವವನಿಗೂ ಅಪಾಯ ಅಂತಾರಲ್ಲ, ಅದು ಹೇಗೆ?

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಈ ನಿಯಮ ಯಾಕೆ ಬೇಕು ಅಂತ ನನಗೆ ಮನವರಿಕೆ ಆದದ್ದು ಇಲ್ಲೇ.

ನಮ್ಮ ಕತ್ತಿನ ಮೂಳೆಸಾಲು ನೆಟ್ಟಗಿಲ್ಲ, ಸ್ವಲ್ಪ ಬಾಗಿದೆ. ತಲೆ ಎತ್ತಿ ಹೊಡೆದಾಗ ಆ ಬಾಗು, ಸುತ್ತಲಿನ ಸ್ನಾಯುಗಳು ಸೇರಿ ಏಟನ್ನು ಹೀರಿಕೊಳ್ಳುತ್ತವೆ. ತಲೆಯನ್ನು ಸುಮಾರು 30 ಡಿಗ್ರಿ ತಗ್ಗಿಸಿದರೆ ಆ ಬಾಗು ಹೋಗಿ ಮೂಳೆಸಾಲು ಕಂಬದಂತೆ ನೆಟ್ಟಗಾಗುತ್ತದೆ. ಆಗ ನೆತ್ತಿಯಿಂದ ಡಿಕ್ಕಿ ಹೊಡೆದರೆ ತಲೆ ನಿಂತುಬಿಡುತ್ತದೆ, ಆದರೆ ಮೈಯ ಭಾರ ಹಿಂದಿನಿಂದ ನುಗ್ಗುತ್ತಲೇ ಇರುತ್ತದೆ. ನಡುವೆ ಸಿಕ್ಕ ಕತ್ತು ಮುರಿಯುತ್ತದೆ. ಬೆನ್ನುಹುರಿ ಜಜ್ಜಿಹೋಗುತ್ತದೆ.

ಇದನ್ನು ಬಿಡಿಸಿ ತೋರಿಸಿದವರು ಫಿಲಡೆಲ್ಫಿಯಾದ ಮೂಳೆ ವೈದ್ಯ ಜೋಸೆಫ್ ಟಾರ್ಗ್. ದೇಶದೆಲ್ಲೆಡೆಯಿಂದ ಕತ್ತಿನ ಗಾಯಗಳ ಲೆಕ್ಕ ಕೂಡಿಸಿದರು, ವಿಡಿಯೋಗಳನ್ನು ನೋಡಿದರು. ಮೊದಲು ಜನ ತಿಳಿದಿದ್ದು ತಲೆ ಹಿಂದಕ್ಕೆ ವಾಲಿ ಕತ್ತು ಮುರಿಯುತ್ತದೆ ಅಂತ. ಅಲ್ಲ, ತಲೆ ತಗ್ಗಿಸಿ ನೆತ್ತಿಯಿಂದ ಹೊಡೆಯುವುದೇ ಕಾರಣ ಅಂತ ಅವರ ಕೆಲಸ ತೋರಿಸಿತು. 1976ರಲ್ಲಿ ಕಾಲೇಜು, ಹೈಸ್ಕೂಲ್ ಎರಡರಲ್ಲೂ ತಲೆಯಿಂದ ಮೊದಲು ಡಿಕ್ಕಿ ಕೊಡುವುದನ್ನು ನಿಷೇಧಿಸಿದರು. ಆ ಸೀಸನ್‌ನಲ್ಲಿ ಕೈಕಾಲು ಶಾಶ್ವತವಾಗಿ ಸ್ವಾಧೀನ ಕಳೆದುಕೊಂಡ ಹುಡುಗರು 34. 1984ರಲ್ಲಿ 5. ಹೊಸ ಹೆಲ್ಮೆಟ್ ಇಲ್ಲ, ಹೊಸ ಯಂತ್ರ ಇಲ್ಲ, ಒಂದು ನಿಯಮ ಮತ್ತು ಕಲಿಸುವ ರೀತಿಯಲ್ಲಿ ಒಂದು ಬದಲಾವಣೆ ಅಷ್ಟೇ. 1990ರಲ್ಲಿ ಆಟದ ನೇರ ಏಟಿನಿಂದ ಒಬ್ಬನೂ ಸಾಯಲಿಲ್ಲ. 1931ರಲ್ಲಿ ಲೆಕ್ಕ ಇಡಲು ಶುರುಮಾಡಿದ ಮೇಲೆ ಹಾಗಾದದ್ದು ಅದೇ ಮೊದಲು.

ಆದರೂ ಅಪಾಯ ಪೂರ್ತಿ ಹೋಗಿಲ್ಲ. 1989ರ ಅಕ್ಟೋಬರ್ 28ರಂದು ಮಿಸಿಸಿಪ್ಪಿ ಯೂನಿವರ್ಸಿಟಿಯ ಚಕಿ ಮಲಿನ್ಸ್, ವ್ಯಾಂಡರ್ಬಿಲ್ಟ್‌ನ ಬ್ರ್ಯಾಡ್ ಗೇನ್ಸ್‌ಗೆ ಹಿಂದಿನಿಂದ ಹೆಲ್ಮೆಟ್ ತಾಗಿಸಿ ಟ್ಯಾಕಲ್ ಮಾಡಿದ. ಗೇನ್ಸ್ ಎದ್ದು ನಿಂತ. ಮಲಿನ್ಸ್ ಏಳಲಿಲ್ಲ. ಕತ್ತಿನ ಕೆಳಗೆ ಸ್ವಾಧೀನ ಹೋಯಿತು, 1991ರ ಮೇ ತಿಂಗಳಲ್ಲಿ ತೀರಿಕೊಂಡ. ತನ್ನದೇನೂ ತಪ್ಪಿಲ್ಲದ ಗೇನ್ಸ್ ಮುಂದೆ ವರ್ಷ ವರ್ಷ ಅವನ ಸಮಾಧಿಗೆ ಹೋಗಿ ಶುಚಿಮಾಡಿ ಬರುತ್ತಿದ್ದರು.

2010ರ ಅಕ್ಟೋಬರ್ 16ರಂದು ರಟ್ಗರ್ಸ್‌ನ ಎರಿಕ್ ಲೆಗ್ರ್ಯಾಂಡ್. ಆರ್ಮಿ ತಂಡದ ಮೇಲಿನ ಪಂದ್ಯ, ಕಿಕಾಫ್ (ಚೆಂಡನ್ನು ದೂರಕ್ಕೆ ಒದ್ದು ಆಟ ಶುರುಮಾಡುವ ಹೊತ್ತು). ಓಡಿ ಬಂದು ತಲೆ ತಗ್ಗಿಸಿ ಹೊಡೆದ, ಕತ್ತಿನ ಮೂರು ಮತ್ತು ನಾಲ್ಕನೇ ಮೂಳೆಯ ಬಳಿ ಬೆನ್ನುಹುರಿಗೆ ಗಾಯವಾಯಿತು. ಉಸಿರಾಟ ನಡೆಸುವ ನರಗಳು ಹೊರಡುವ ಜಾಗ ಅದು, ಮೊದಲು ಯಂತ್ರದಿಂದಲೇ ಉಸಿರಾಡಬೇಕಾಯಿತು. ಆಮೇಲೆ ತಾನೇ ಉಸಿರಾಡಲು ಕಲಿತರು, ಓದು ಮುಗಿಸಿದರು, ಬೆನ್ನುಹುರಿ ಗಾಯದವರಿಗಾಗಿ ದುಡಿಯುತ್ತಿದ್ದಾರೆ. 2013ರಲ್ಲಿ ರಟ್ಗರ್ಸ್ ಅವರ 52ನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಗೌರವಿಸಿತು.

ಇಬ್ಬರೂ ಹೊಡೆದವರೇ, ಹೊಡೆಸಿಕೊಂಡವರಲ್ಲ. ನೆತ್ತಿಯಿಂದ ಹೊಡೆದರೆ ‘ಎಲ್ಲಿಗೆ ಬಿತ್ತು’ ಅಂತ ನಿಯಮ ಕೇಳದಿರುವುದು ಇದಕ್ಕೇ.

ತಲೆ ಏಟಿನ ಚಿಂತೆ ಈಚಿನದಾ?

ಎನ್‌ಸಿಎಎ ಹುಟ್ಟಿದ್ದೇ ಈ ಚಿಂತೆಯಿಂದ. 1905ರಲ್ಲಿ ಆಟದಲ್ಲಿ ಸಾವುಗಳು ಎಷ್ಟಾದವೆಂದರೆ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ವೈಟ್‌ಹೌಸ್‌ಗೆ ಕರೆಸಿ ಮಾತಾಡಿದರು. ಕೆಲವು ಕಾಲೇಜುಗಳು ಆಟವನ್ನೇ ಬಿಟ್ಟವು. 1906ರಲ್ಲಿ ನಿಯಮ ಬದಲಾಗಿ ಚೆಂಡನ್ನು ಮುಂದಕ್ಕೆ ಎಸೆಯಲು ಒಪ್ಪಿಗೆ ಸಿಕ್ಕಿತು. ಎಲ್ಲರೂ ಒಂದೇ ಕಡೆ ಗುಂಪಾಗಿ ನುಗ್ಗುವುದು ಕಡಿಮೆಯಾಗಲಿ ಅಂತ. ಅದೇ ವರ್ಷ ಹುಟ್ಟಿದ ಕಾಲೇಜುಗಳ ಸಂಘವೇ 1910ರಲ್ಲಿ ಎನ್‌ಸಿಎಎ ಆಯಿತು. ‘ಈ ನಿಯಮಗಳು ಆಟದ ಗಂಡೆದೆಯನ್ನೇ ಕಿತ್ತುಹಾಕುತ್ತವೆ’ ಎಂಬ ದೂರು ಆಗಲೂ ಇತ್ತು. ಇವತ್ತು ನಾವು ನೋಡಿ ಚಪ್ಪಾಳೆ ತಟ್ಟುವ ಪಾಸ್ ಆಟ ಆ ಬದಲಾವಣೆಯ ಮಗುವೇ.

ಈ ಒಂದು ಪೆನಾಲ್ಟಿ ದೊಡ್ಡ ಪಂದ್ಯಗಳ ಗತಿ ಬದಲಿಸಿದೆಯಾ?

ಬದಲಿಸಿದೆ, ಜನರ ಸಿಟ್ಟಿಗೂ ಕಾರಣವಾಗಿದೆ.

2019ರ ಡಿಸೆಂಬರ್‌ನಲ್ಲಿ ಫಿಯೆಸ್ಟಾ ಬೌಲ್ (ಬೌಲ್ ಅಂದರೆ ಸೀಸನ್ ಕೊನೆಯ ದೊಡ್ಡ ಪಂದ್ಯ). ಒಹಾಯೊ ಸ್ಟೇಟ್ 16–0 ಮುಂದಿತ್ತು. ಕ್ಲೆಮ್ಸನ್‌ನ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್‌ಗೆ ಹೊಡೆದದ್ದಕ್ಕೆ ಒಹಾಯೊದ ಶಾನ್ ವೇಡ್ ಹೊರಗೆ ಹೋದ. ಕ್ಲೆಮ್ಸನ್ 29–23ರಿಂದ ಗೆದ್ದಿತು.

2018ರಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ತಂಡದ ಡೆವಿನ್ ವೈಟ್ ನಾಲ್ಕನೇ ಕ್ವಾರ್ಟರ್‌ನಲ್ಲಿ ಹೊರಹೋಗಿ, ಅಲಬಾಮಾ ವಿರುದ್ಧದ ದೊಡ್ಡ ಪಂದ್ಯದ ಮೊದಲ ಅರ್ಧ ಕಳೆದುಕೊಂಡ. ಅಭಿಮಾನಿಗಳು ಕಾನ್ಫರೆನ್ಸ್ ಕಚೇರಿ ಇರುವ ಬರ್ಮಿಂಗ್‌ಹ್ಯಾಂನಲ್ಲಿ ದೊಡ್ಡ ದೊಡ್ಡ ಬೋರ್ಡ್ ಹಾಕಿಸಿದರು. ಅಲಬಾಮಾ 29–0ರಿಂದ ಗೆದ್ದಿತು. ಆ ಹೊಡೆತವನ್ನು ಮತ್ತೆ ನೋಡಿದರೆ ನನಗೂ ಅದು ಟಾರ್ಗೆಟಿಂಗ್ ಅನಿಸುವುದಿಲ್ಲ. ಮರುವರ್ಷ ‘ಪೂರ್ತಿ ದೃಢವಾಗಬೇಕು’ ಎಂಬ ನಿಯಮ ಬಂದದ್ದು ಒಳ್ಳೆಯದಾಯಿತು.

ಉಲ್ಟಾ ಕಡೆಯದೂ ಇದೆ. 2022ರ ಡಿಸೆಂಬರ್ 31ರ ಪೀಚ್ ಬೌಲ್‌ನಲ್ಲಿ ಒಹಾಯೊ ಸ್ಟೇಟ್‌ನ ಮಾರ್ವಿನ್ ಹ್ಯಾರಿಸನ್ ಜೂನಿಯರ್‌ಗೆ ಬಿದ್ದ ಏಟಿಗೆ ಬಟ್ಟೆ ಬಿತ್ತು, ವಿಡಿಯೋ ನೋಡಿ ರದ್ದಾಯಿತು. ಹ್ಯಾರಿಸನ್ ಮತ್ತೆ ಆಡಲಿಲ್ಲ, ಜಾರ್ಜಿಯಾ 42–41ರಿಂದ ಗೆದ್ದಿತು. 2025ರ ಜನವರಿ 1ರ ಪೀಚ್ ಬೌಲ್‌ನಲ್ಲಿ 24–24 ಸಮ ಇದ್ದಾಗ ಟೆಕ್ಸಸ್‌ನ ಮೈಕಲ್ ಟಾಫ್, ಅರಿಜೋನಾ ಸ್ಟೇಟ್‌ನ ರಿಸೀವರ್‌ಗೆ ಹೊಡೆದ. ವಿಡಿಯೋ ನೋಡಿ ‘ಅಲ್ಲ’ ಅಂದರು. ಎರಡು ಓವರ್‌ಟೈಮ್ ಆದ ಮೇಲೆ ಟೆಕ್ಸಸ್ 39–31ರಿಂದ ಗೆದ್ದಿತು. ಇವೆರಡನ್ನೂ ಹತ್ತು ಜನ ನೋಡಿದರೆ ಐದೈದು ಜನ ಎರಡು ಕಡೆ ನಿಲ್ಲುತ್ತಾರೆ. ನಿಯಮದ ದೊಡ್ಡ ದೌರ್ಬಲ್ಯ ಇದೇ. ಒಂದೇ ಬಗೆಯ ಏಟಿಗೆ ಒಂದು ವಾರ ಒಂದು ತೀರ್ಪು, ಇನ್ನೊಂದು ವಾರ ಇನ್ನೊಂದು ಬಂದರೆ ಹುಡುಗರು ಏನನ್ನು ಕಲಿಯಬೇಕು?

ಟಾರ್ಗೆಟಿಂಗ್ ನಿಂತರೆ ಸುರಕ್ಷತೆ ಬಂದ ಹಾಗೇನಾ?

ಖಂಡಿತ ಇಲ್ಲ. ಟಿವಿಯಲ್ಲಿ ಕಾಣುವ ದೊಡ್ಡ ಏಟು ಒಂದು ಭಾಗ ಮಾತ್ರ. ಆರು ದೊಡ್ಡ ಕಾಲೇಜು ತಂಡಗಳನ್ನು 2015ರಿಂದ 2019ರ ತನಕ ಗಮನಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಕನ್ಕಷನ್‌ಗಳಲ್ಲಿ 72% ಆದದ್ದು ಪ್ರಾಕ್ಟೀಸ್‌ನಲ್ಲಿ, ಪಂದ್ಯದಲ್ಲಲ್ಲ. ಅರ್ಧದ ಹತ್ತಿರ ಆದದ್ದು ಸೀಸನ್‌ಗೆ ಮುಂಚಿನ ಕೆಲವೇ ವಾರಗಳ ಕ್ಯಾಂಪಿನಲ್ಲಿ. ಅಲ್ಲಿ ಕ್ಯಾಮೆರಾ ಇಲ್ಲ, ಹಳದಿ ಬಟ್ಟೆ ಇಲ್ಲ, ರಿಪ್ಲೇ ಇಲ್ಲ.

ದಾರಿ ತೋರಿಸಿದವರು ಡಾರ್ಟ್‌ಮತ್ ಕಾಲೇಜಿನ ಕೋಚ್ ಬಡ್ಡಿ ಟೀವನ್ಸ್. 2010ರಲ್ಲಿ ಪ್ರಾಕ್ಟೀಸ್‌ನಲ್ಲಿ ಹುಡುಗರು ಒಬ್ಬರನ್ನೊಬ್ಬರು ಟ್ಯಾಕಲ್ ಮಾಡುವುದನ್ನೇ ನಿಲ್ಲಿಸಿದರು. ಕೆಡವಬೇಕಾದದ್ದು ದಿಂಬುಗಳನ್ನು, ಆಮೇಲೆ ಅದೇ ಕಾಲೇಜಿನಲ್ಲಿ ತಯಾರಾದ, ರಿಮೋಟ್‌ನಿಂದ ಓಡುವ ಗೊಂಬೆಯನ್ನು. ಟ್ಯಾಕಲ್ ಮಾಡಲು ಮರೆತೇಹೋಗುತ್ತಾರೆ ಅಂತ ಹೆದರಿದವರಿದ್ದರು. 2015ರಲ್ಲಿ ಡಾರ್ಟ್‌ಮತ್ ಐವಿ ಲೀಗ್ (ಎಂಟು ಹಳೆಯ ಯೂನಿವರ್ಸಿಟಿಗಳ ಕೂಟ) ಪ್ರಶಸ್ತಿ ಹಂಚಿಕೊಂಡಿತು. 2016ರಲ್ಲಿ ಇಡೀ ಐವಿ ಲೀಗ್ ಸೀಸನ್ ನಡುವಿನ ಪ್ರಾಕ್ಟೀಸ್‌ನಲ್ಲಿ ಪೂರ್ಣ ಟ್ಯಾಕಲ್ ಬೇಡ ಅಂದಿತು.

ಅದೇ ವರ್ಷ ಐವಿ ಲೀಗ್ ಕಿಕಾಫ್ ಜಾಗವನ್ನು 35ರಿಂದ 40ನೇ ಯಾರ್ಡ್‌ಗೆ ತಂದಿತು. ಚೆಂಡು ಹೆಚ್ಚು ಸಲ ಕೊನೆಯ ಗೆರೆ ದಾಟಿ ಅದನ್ನು ಹಿಡಿದು ಓಡುವ ಪ್ರಸಂಗವೇ ಬರಲಿಲ್ಲ, ಎದುರುಬದುರು ಓಡಿ ಡಿಕ್ಕಿಯಾಗುವುದು ತಪ್ಪಿತು. ಸಾವಿರ ಕಿಕಾಫ್‌ಗೆ ಸುಮಾರು 11 ಇದ್ದ ಕನ್ಕಷನ್ 2ಕ್ಕೆ ಇಳಿಯಿತು. ಐದು ಯಾರ್ಡ್‌ನ ಬದಲಾವಣೆಗೆ ಇಷ್ಟು ಫಲ. ಎನ್‌ಸಿಎಎ ಕೂಡ ದಿನಕ್ಕೆ ಎರಡು ಸಲ ಮೈ ತಾಗಿಸುವ ಪ್ರಾಕ್ಟೀಸ್ ಮಾಡುವುದನ್ನು 2017ರಲ್ಲಿ ನಿಲ್ಲಿಸಿತು, 2019ರಲ್ಲಿ ಕಾಣದ ಕಡೆಯಿಂದ ಜೋರಾಗಿ ಬ್ಲಾಕ್ ಮಾಡುವುದನ್ನು ನಿಷೇಧಿಸಿತು. ಇನ್ನೂ ಮಾಡಬೇಕು.

ಸಿಟಿಇ ಅಂತ ಕೇಳ್ತೀವಲ್ಲ, ಅದು ಟಾರ್ಗೆಟಿಂಗ್‌ನಿಂದ ಬರುತ್ತದಾ?

ಒಂದು ಏಟಿನಿಂದ ಬರುವುದಲ್ಲ. ವರ್ಷಗಟ್ಟಲೆ ತಲೆಗೆ ಬೀಳುವ ಸಣ್ಣ ದೊಡ್ಡ ಏಟುಗಳು ಸೇರಿ ಬರುವ ಮಿದುಳಿನ ರೋಗ ಅದು. ಕನ್ಕಷನ್ ಆಗದಷ್ಟು ಸಣ್ಣ ಏಟುಗಳೂ ಲೆಕ್ಕಕ್ಕೆ ಬರುತ್ತವೆ. ಸತ್ತ ಮೇಲೆ ಮಿದುಳನ್ನು ಪರೀಕ್ಷಿಸಿಯೇ ಅದನ್ನು ಖಚಿತಪಡಿಸುವುದು. 2017ರಲ್ಲಿ ಬಾಸ್ಟನ್ ಯೂನಿವರ್ಸಿಟಿಯ ತಂಡ 202 ಫುಟ್ಬಾಲ್ ಆಟಗಾರರ ಮಿದುಳು ಪರೀಕ್ಷಿಸಿ 177ರಲ್ಲಿ ಸಿಟಿಇ ಕಂಡಿತು. ಅವರಲ್ಲಿ ಕಾಲೇಜು ಹಂತದ ತನಕ ಆಡಿದ್ದ 53 ಜನರಲ್ಲಿ 48 ಮಂದಿಗೆ ಇತ್ತು. ಈ ಅಂಕಿ ನೋಡಿ ಗಾಬರಿಯಾಗಬೇಡಿ. ಬದುಕಿದ್ದಾಗ ತೊಂದರೆ ಕಂಡವರ ಮನೆಯವರೇ ಹೆಚ್ಚಾಗಿ ಮಿದುಳು ದಾನ ಮಾಡಿರುತ್ತಾರೆ, ಹಾಗಾಗಿ ಆಡಿದವರಿಗೆಲ್ಲ ಇದೇ ಪ್ರಮಾಣ ಅಂತಲ್ಲ. ಆದರೆ ತಳ್ಳಿಹಾಕುವಂಥ ಅಂಕಿಯೂ ಅಲ್ಲ.

ಎನ್‌ಎಫ್‌ಎಲ್‌ನಲ್ಲೂ ಹೀಗೇನಾ?

ಅಲ್ಲಿ ತಲೆ ತಗ್ಗಿಸಿ ಹೆಲ್ಮೆಟ್‌ನಿಂದ ಹೊಡೆಯುವುದಕ್ಕೆ 2018ರಲ್ಲಿ ಹೊಸ ನಿಯಮ ಬಂತು. 15 ಯಾರ್ಡ್ ಇದೆ, ದಂಡ ಇದೆ, ಆದರೆ ತಾನಾಗಿಯೇ ಹೊರಹೋಗುವ ಶಿಕ್ಷೆ ಇಲ್ಲ. ಘೋರವಾಗಿದ್ದರೆ ಮಾತ್ರ ಹೊರಹಾಕುತ್ತಾರೆ.

ಏಟು ಬಿದ್ದ ಹುಡುಗನಿಗೆ ಆಮೇಲೆ ಏನು ಮಾಡಬೇಕು?

ಕನ್ಕಷನ್ ಅಂತ ಗೊತ್ತಾದರೆ ಆ ದಿನ ಮತ್ತೆ ಆಡುವಂತಿಲ್ಲ. 2010ರಿಂದ ಎನ್‌ಸಿಎಎ ಪ್ರತಿ ಕಾಲೇಜಿಗೂ ಲಿಖಿತ ಯೋಜನೆ ಕಡ್ಡಾಯ ಮಾಡಿದೆ. ತಲೆನೋವು, ತಲೆಸುತ್ತು, ವಾಂತಿ, ಕಣ್ಣು ಮಂಜು, ಬೆಳಕು ನೋಡಲಾಗದಿರುವುದು, ಕೇಳಿದ್ದಕ್ಕೆ ತಡವಾಗಿ ಉತ್ತರ, ಸುಮ್ನೆ ಸಿಡುಕುವುದು ಇವೆಲ್ಲ ಲಕ್ಷಣಗಳು. ಪ್ರಜ್ಞೆ ತಪ್ಪಲೇಬೇಕು ಅಂತೇನಿಲ್ಲ, ಹೆಚ್ಚಿನವರಿಗೆ ತಪ್ಪುವುದೂ ಇಲ್ಲ. ಮೊದಲು ಓದಿಗೆ ಮರಳಬೇಕು, ಆಮೇಲೆ ಹಗುರ ವ್ಯಾಯಾಮ, ಓಟ, ಮೈ ತಾಗದ ಪ್ರಾಕ್ಟೀಸ್, ಡಾಕ್ಟರ್ ಒಪ್ಪಿದ ಮೇಲೆ ಪೂರ್ಣ ಪ್ರಾಕ್ಟೀಸ್, ಕೊನೆಗೆ ಪಂದ್ಯ. ಯಾವ ಹಂತದಲ್ಲಿ ಲಕ್ಷಣ ಮರಳಿದರೂ ನಿಲ್ಲಿಸಬೇಕು. ಮೊದಲನೆಯದು ವಾಸಿಯಾಗುವ ಮುಂಚೆ ಎರಡನೇ ಏಟು ಬಿದ್ದರೆ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ, ಜೀವಕ್ಕೇ ಕುತ್ತು.

ಏಟು ಬಿದ್ದವನು ಅಲುಗಾಡದೆ ಬಿದ್ದಿದ್ದರೆ, ಕತ್ತು ನೋವು ಅಂದರೆ, ಕೈಕಾಲು ಜೋಮು ಅಂದರೆ ಅವನನ್ನು ಎತ್ತಬಾರದು, ಹೆಲ್ಮೆಟ್ ಎಳೆದು ತೆಗೆಯಬಾರದು. ಕಲಿತವರು ಬರುವ ತನಕ ತಲೆ ಅಲುಗಾಡದಂತೆ ನೋಡಿಕೊಳ್ಳಬೇಕು.

ನಮ್ಮ ಮಗ ಅಮೆರಿಕದಲ್ಲೇ ಬೆಳೆದವನು. ಹೈಸ್ಕೂಲ್ ತಂಡ ಸೇರುತ್ತೇನೆ ಅಂತಾನೆ. ಏನು ಮಾಡೋದು?

ಅವನಿಗೆ ಬೇಡ ಅನ್ನುವ ಮುಂಚೆ ಕೋಚ್ ಹತ್ತಿರ ಹೋಗಿ ಮಾತಾಡಿ. ಇಂಗ್ಲಿಷ್ ಸರಿಯಾಗಿ ಬರಲ್ಲ, ಆಟ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ವಾರದಲ್ಲಿ ಎಷ್ಟು ದಿನ ಪೂರ್ಣ ಟ್ಯಾಕಲ್ ಮಾಡಿಸುತ್ತೀರಿ? ಟ್ಯಾಕಲ್ ಮಾಡುವಾಗ ತಲೆ ಎಲ್ಲಿರಬೇಕು ಅಂತ ಕಲಿಸುತ್ತೀರಿ? ಪಂದ್ಯಕ್ಕೆ ಮಾತ್ರವಲ್ಲ, ಪ್ರಾಕ್ಟೀಸ್‌ಗೂ ಅಥ್ಲೆಟಿಕ್ ಟ್ರೇನರ್ (ಆಟಗಾರರ ಗಾಯ ನೋಡಿಕೊಳ್ಳುವವರು) ಇರುತ್ತಾರಾ? ತಲೆಗೆ ಏಟು ಬಿದ್ದವನು ಮತ್ತೆ ಆಡಬಹುದು ಅಂತ ಯಾರು ಹೇಳುತ್ತಾರೆ, ಕೋಚಾ, ಡಾಕ್ಟರಾ? ‘ಭುಜದಿಂದ ತಬ್ಬಿ ಕೆಡವು, ಕಣ್ಣು ಮೇಲಿರಲಿ, ತಲೆ ಪಕ್ಕಕ್ಕಿರಲಿ’ ಅಂತ ರಗ್ಬಿಯವರ ಹಾಗೆ ಕಲಿಸುವ ಕೋಚ್ ಸಿಕ್ಕರೆ ಅರ್ಧ ಚಿಂತೆ ಕಡಿಮೆ.

ಕಾನೂನು ನಿಮ್ಮ ಕಡೆ ಇದೆ. 2009ರಲ್ಲಿ ವಾಷಿಂಗ್ಟನ್ ರಾಜ್ಯ ಮೊದಲು ಮಾಡಿದ, ಲಿಸ್ಟೆಡ್ ಎಂಬ ಗಾಯಗೊಂಡ ಹುಡುಗನ ಹೆಸರಿನ ಕಾನೂನಿನ ಮಾದರಿಯ ಕಾನೂನುಗಳು ಈಗ 50 ರಾಜ್ಯಗಳಲ್ಲೂ ಇವೆ. ಕನ್ಕಷನ್ ಶಂಕೆ ಇರುವ ವಿದ್ಯಾರ್ಥಿಯನ್ನು ಆಟದಿಂದ ತೆಗೆಯಬೇಕು, ಸಾಮಾನ್ಯವಾಗಿ ವೈದ್ಯಕೀಯ ಒಪ್ಪಿಗೆ ಇಲ್ಲದೆ ಮರಳಿ ಕಳಿಸುವಂತಿಲ್ಲ. ಮಗನಿಗೆ ಒಂದು ಮಾತು ಮನೆಯಲ್ಲೇ ಹೇಳಿಬಿಡಿ: ತಲೆನೋವು ಮುಚ್ಚಿಟ್ಟು ಆಡಿದರೆ ಅಪ್ಪ ಅಮ್ಮನಿಗೆ ಹೆಮ್ಮೆ ಆಗುವುದಿಲ್ಲ, ಬಂದು ಹೇಳಿದರೆ ಯಾರೂ ಬೈಯುವುದಿಲ್ಲ. ಎಷ್ಟೋ ಹುಡುಗರು ಜಾಗ ಹೋಗುತ್ತದೆ ಅಂತ ಬಾಯಿ ಬಿಡುವುದಿಲ್ಲ. ಮಗ ಇನ್ನೂ ಚಿಕ್ಕವನಾದರೆ ಫ್ಲ್ಯಾಗ್ ಫುಟ್ಬಾಲ್ ಆಡಲಿ. ಕೆಡವುವುದಿಲ್ಲ, ಸೊಂಟದ ಪಟ್ಟಿ ಕಿತ್ತರೆ ಆಯಿತು. ಹುಡುಗಿಯರೂ ಆಡುತ್ತಾರೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಅದನ್ನು ಸೇರಿಸಿದ್ದಾರೆ.